ಹಸಿರು ದೀಪ ಉರಿಯುತ್ತಿದ್ದರೂ: ಸರ್ವರ್ ದೋಷವನ್ನು ಎಲ್ಲಿಂದ ಹುಡುಕಬೇಕು?

ಬಾಣಾವರಕ್ಕೆ ರೈಲೂ ಇದೆ, ಹೆದ್ದಾರಿಯೂ ಇದೆ. ಅರಸೀಕೆರೆ ಮತ್ತು ಕಡೂರಿನ ನಡುವಿನ ಈ ಹೋಬಳಿ ಕೇಂದ್ರದಿಂದ ಬೆಂಗಳೂರು ಸೇರಲು ಅರ್ಧ ದಿನ ಸಾಕು. ಆದರೆ ಹೋಬಳಿಯ ಜನ ಊರಲ್ಲೇ ಇದ್ದರೂ ಅವರ ಎಷ್ಟೋ ಕೆಲಸಗಳು ಈಗ ದೂರದ ದತ್ತಾಂಶ ಕೇಂದ್ರಗಳಲ್ಲಿ ನಡೆಯುತ್ತವೆ. ಪಹಣಿ ತೆಗೆಸುವುದು, ಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯುವುದು, ಬೆಂಬಲ ಬೆಲೆಗೆ ಉಂಡೆಕೊಬ್ಬರಿ ಮಾರಲು ಹೆಸರು ಬರೆಸುವುದು, ಇವೆಲ್ಲ ಯಾವುದೋ ಒಂದು ಸರ್ವರ್ ಉತ್ತರ ಕೊಟ್ಟರೆ ಮಾತ್ರ ಆಗುವಂಥವು. ಉತ್ತರ ಬಾರದ ದಿನ, ರಾಜ್ಯದ ಯಾವ ಹೋಬಳಿಯಲ್ಲೇ ಆಗಲಿ, ಸಾಲಿನಲ್ಲಿ ನಿಂತವರು ಕೇಳುವ ಮಾತು ಒಂದೇ: ಸರ್ವರ್ ಇಲ್ಲ, ನಾಳೆ ಬನ್ನಿ. ಕೂಲಿ ಬಿಟ್ಟು ಬಂದವರಿಗೆ ಆ ನಾಳೆಯ ಬೆಲೆ ಇನ್ನೊಂದು ದಿನದ ದುಡಿಮೆ. ಏಕೆ ಇಲ್ಲ ಎಂದು ಕೇಳಿದರೆ ಕಚೇರಿಯ ನೌಕರರ ಬಳಿಯೂ ಉತ್ತರವಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಕಾರಣಗಳು ಹತ್ತಾರು ಇರಬಹುದು. ಅವುಗಳಲ್ಲಿ ಎಲ್ಲರೂ ಕೊನೆಯಲ್ಲಿ ನೋಡುವ ಒಂದನ್ನು ಇಲ್ಲಿ ಎತ್ತಿಕೊಂಡಿದ್ದೇನೆ: ಹಲವು ವರ್ಚುವಲ್ ಸರ್ವರ್‌ಗಳನ್ನು ಹೊತ್ತ ಒಂದು ಯಂತ್ರದ ನಿಜವಾದ ನೆಟ್‌ವರ್ಕ್ ಕಾರ್ಡ್‌ನಲ್ಲಿ, ಅದರ ಕೇಬಲ್‌ನಲ್ಲಿ, ಅದು ಸೇರುವ ಸ್ವಿಚ್‌ನ ಪೋರ್ಟ್‌ನಲ್ಲಿ ಹುಟ್ಟುವ ದೋಷ. ನನ್ನ ವಾದ ಇಷ್ಟೇ. ಈ ದೋಷ ತನ್ನ ನಿಜರೂಪದಲ್ಲಿ ಕಾಣಿಸುವುದು ಅಪರೂಪ, ಅದು ತಂತ್ರಾಂಶದ ಕಾಯಿಲೆಯ ವೇಷದಲ್ಲೇ ಬರುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಕೇಳಬೇಕಾದದ್ದು ಆ ಕಾರ್ಡ್ ಇಟ್ಟುಕೊಂಡಿರುವ ಲೆಕ್ಕಕ್ಕೆ. ಆ ಲೆಕ್ಕ ಓದುವ ಮೊದಲೇ ಯಂತ್ರವನ್ನು ರೀಸ್ಟಾರ್ಟ್ ಮಾಡುವುದು ಸಾಕ್ಷಿಯನ್ನು ಅಳಿಸಿದಂತೆ.

ಹಳೆಯ ವ್ಯವಸ್ಥೆಯಲ್ಲಿ ಈ ಪ್ರಶ್ನೆ ಇಷ್ಟು ಕಠಿಣವಾಗಿರಲಿಲ್ಲ. ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದಾಗ ದಾಖಲೆಗಳಿದ್ದ ಸರ್ವರ್ ಆಯಾ ತಾಲ್ಲೂಕು ಕಚೇರಿಯಲ್ಲೇ ಇತ್ತು. ಅರಸೀಕೆರೆಯ ಯಂತ್ರ ಕೆಟ್ಟರೆ ಅರಸೀಕೆರೆಗೆ ಮಾತ್ರ ತೊಂದರೆ, ಬೇಲೂರಿನ ಕೆಲಸ ನಡೆಯುತ್ತಿತ್ತು. ಕೆಟ್ಟ ಪೆಟ್ಟಿಗೆ ಯಾವುದು ಎಂದು ಬೆರಳು ಮಾಡಿ ತೋರಿಸಬಹುದಿತ್ತು. ಆಮೇಲೆ ದಾಖಲೆಗಳು ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು, ಕಚೇರಿಗಳನ್ನು ಅದಕ್ಕೆ ಜೋಡಿಸಲು ಕೆಸ್ವಾನ್ ಜಾಲ ಬಂತು. ಇದು ಒಳ್ಳೆಯ ನಿರ್ಧಾರವೇ. ಪ್ರತಿ ತಾಲ್ಲೂಕಿನಲ್ಲೂ ಬ್ಯಾಕಪ್, ಏಸಿ, ಯುಪಿಎಸ್ ಕಾಯುವುದು ಆಗದ ಮಾತಾಗಿತ್ತು. ಜೊತೆಗೇ ಜಗತ್ತಿನೆಲ್ಲೆಡೆ ದತ್ತಾಂಶ ಕೇಂದ್ರಗಳ ಒಳರಚನೆಯೂ ಬದಲಾಯಿತು. ವಿಎಂವೇರ್‌ನ ಇಎಸ್‌ಎಕ್ಸ್‌ಐ, ಹೈಪರ್-ವಿ, ಕೆವಿಎಂ ಮುಂತಾದ ತಂತ್ರಾಂಶಗಳು ಒಂದೇ ಯಂತ್ರದ ಮೇಲೆ ಇಪ್ಪತ್ತು ಮೂವತ್ತು ವರ್ಚುವಲ್ ಮಷಿನ್‌ಗಳನ್ನು ಓಡಿಸುತ್ತವೆ. ಅವುಗಳಲ್ಲಿ ಒಂದು ಡೇಟಾಬೇಸ್, ಇನ್ನೊಂದು ವೆಬ್‌ಸೈಟ್, ಮತ್ತೊಂದು ಲಾಗಿನ್ ನೋಡಿಕೊಳ್ಳುವಂಥದ್ದು. ಅಷ್ಟಕ್ಕೂ ಸೇರಿ ಹೊರಗೆ ಹೋಗುವ ದಾರಿ ಎರಡೋ ನಾಲ್ಕೋ ಪೋರ್ಟ್‌ಗಳು ಮಾತ್ರ.

ಇಲ್ಲೇ ವೇಷ ಶುರುವಾಗುವುದು. ಪ್ರತಿ ವರ್ಚುವಲ್ ಮಷಿನ್‌ಗೂ ಒಂದು ಕಲ್ಪಿತ ನೆಟ್‌ವರ್ಕ್ ಕಾರ್ಡ್ ಇರುತ್ತದೆ. ವಿಎಂವೇರ್‌ನಲ್ಲಿ ಸಾಮಾನ್ಯವಾಗಿ ಬಳಸುವ ವಿಎಂಎಕ್ಸ್‌ನೆಟ್3 ಎಂಬ ಕಲ್ಪಿತ ಕಾರ್ಡ್ ತನ್ನ ವೇಗ 10 ಗಿಗಾಬಿಟ್ ಎಂದು ಹೇಳಿಕೊಳ್ಳುತ್ತದೆ. ಕೆಳಗಿನ ನಿಜವಾದ ಕಾರ್ಡ್ 1 ಗಿಗಾಬಿಟ್‌ನದ್ದಾಗಿದ್ದರೂ, ಅದು ದೋಷ ಹಿಡಿದು ಒದ್ದಾಡುತ್ತಿದ್ದರೂ ಈ ಮಾತು ಬದಲಾಗುವುದಿಲ್ಲ. ಒಳಗೆ ಕೂತು ನೋಡುವ ಅಪ್ಲಿಕೇಶನ್ ತಂಡಕ್ಕೆ ಕೊಂಡಿ ಸರಿಯಿದೆ, ದೋಷಗಳ ಲೆಕ್ಕ ಸೊನ್ನೆ ಇದೆ. ಹಾಗಾಗಿ ಅವರು ಡೇಟಾಬೇಸ್ ಮೇಲೆ, ಡೇಟಾಬೇಸ್‌ನವರು ವೆಬ್ ತಂತ್ರಾಂಶದ ಮೇಲೆ ಅನುಮಾನ ಪಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಕೇಬಲ್‌ನ ಕಾಯಿಲೆಗೆ ತಂತ್ರಾಂಶ ಚಿಕಿತ್ಸೆ ಅನುಭವಿಸುತ್ತದೆ. ಯಾವ ತಂಡವೂ ಸುಳ್ಳು ಹೇಳುತ್ತಿಲ್ಲ. ಅವರವರ ಅಂತಸ್ತಿನಲ್ಲಿ ನಿಂತರೆ ಕಾಣುವುದೇ ಅಷ್ಟು.

ಕೆಳಗಿನ ಅಂತಸ್ತಿಗಿಳಿದರೆ ಏನು ಕಾಣುತ್ತದೆ? ಪ್ಯಾಕೆಟ್‌ಗಳು ತಂತಿಯ ಮೇಲೆ ಚೌಕಟ್ಟುಗಳಲ್ಲಿ (ಫ್ರೇಮ್) ಸಾಗುತ್ತವೆ; ಕಾರ್ಡ್‌ಗೆ ಬಂದು ತಲುಪುವ ಪ್ರತಿ ಚೌಕಟ್ಟಿನ ಕೊನೆಯಲ್ಲಿ ಸಿಆರ್‌ಸಿ ಎಂಬ ತಾಳೆಸಂಖ್ಯೆ ಇರುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಲೆಕ್ಕ ತಾಳೆಯಾಗದೆ ಕಾರ್ಡ್ ಇಡೀ ಚೌಕಟ್ಟನ್ನೇ ಎಸೆದು, ದೋಷದ ಎಣಿಕೆಗೆ ಒಂದು ಸೇರಿಸುತ್ತದೆ. ಇಎಸ್‌ಎಕ್ಸ್‌ಐನಲ್ಲಿ ಇಎಸ್‌ಎಕ್ಸ್‌ಸಿಎಲ್‌ಐ ಆದೇಶ, ಲಿನಕ್ಸ್‌ನಲ್ಲಿ ಎಥ್‌ಟೂಲ್ ಕೊಟ್ಟರೆ ಈ ಎಣಿಕೆ ತೆರೆಯ ಮೇಲೆ ಬರುತ್ತದೆ. ಎಲ್ಲ ಎಣಿಕೆಗಳ ಅರ್ಥವೂ ಒಂದೇ ಅಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ಸಿಆರ್‌ಸಿ ದೋಷ ಏರುತ್ತಿದ್ದರೆ ಅನುಮಾನ ಕೇಬಲ್, ಫೈಬರ್‌ನ ತುದಿಯ ದೂಳು, ಬೆಳಕನ್ನು ಕಳಿಸುವ ಎಸ್‌ಎಫ್‌ಪಿ ಮಾಡ್ಯೂಲ್, ಇಲ್ಲವೇ ಪೋರ್ಟ್ ಮೇಲೆ. ಸಿಆರ್‌ಸಿ ಸೊನ್ನೆಯಿದ್ದು, ಬಂದ ಪ್ಯಾಕೆಟ್ ಇಟ್ಟುಕೊಳ್ಳಲು ಜಾಗವಿಲ್ಲದೆ ಬಿಟ್ಟವುಗಳ ಎಣಿಕೆ ಏರಿದರೆ ಕೇಬಲ್ ನಿರಪರಾಧಿ. ಆಗ ನೋಡಬೇಕಾದದ್ದು ಬಫರ್‌ನ ಗಾತ್ರ, ಪ್ರೊಸೆಸರ್‌ನ ಹೊರೆ. ಕೊಂಡಿ ಕಡಿದು ಕೂಡುವುದು ಲಾಗ್‌ನಲ್ಲಿ ಪದೇಪದೇ ಬಂದಿದ್ದರೆ ಅದು ಮೂರನೆಯ ಕತೆ. ಸಣ್ಣ ಪ್ಯಾಕೆಟ್ ದಾಟಿ ದೊಡ್ಡದು ಮಾತ್ರ ಸಿಕ್ಕಿಬೀಳುತ್ತಿದ್ದರೆ ಕಾರ್ಡ್ ಮತ್ತು ಸ್ವಿಚ್ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರದಲ್ಲಿ ಒಪ್ಪಿಲ್ಲ ಎಂದರ್ಥ. ಕೊಂಡಿಯ ಎರಡೂ ತುದಿ ನೋಡುವುದೂ ಅಷ್ಟೇ ಮುಖ್ಯ. ಸರ್ವರ್‌ನಿಂದ ಹೊರಟ ಹಾದಿ ಕೆಟ್ಟಿದ್ದರೆ ದೋಷ ಎಣಿಸುವುದು ಸ್ವಿಚ್, ಸರ್ವರ್ ಅಲ್ಲ. ಇನ್ನೂ ಸೂಕ್ಷ್ಮವಾದ ಸಂಗತಿ ಒಂದಿದೆ. ಚೌಕಟ್ಟು ಪೂರ್ತಿ ಬರುವ ಮುನ್ನವೇ ಮುಂದಕ್ಕೆ ದಾಟಿಸುವ ಜಾತಿಯ ಸ್ವಿಚ್‌ಗಳು ಕೆಟ್ಟ ಚೌಕಟ್ಟನ್ನೂ ದಾಟಿಸಿಬಿಡುತ್ತವೆ. ಅಂಥ ಜಾಲದಲ್ಲಿ ಸಿಆರ್‌ಸಿ ದೋಷ ಕಂಡ ಪೋರ್ಟ್‌ಗೂ ಅದು ಹುಟ್ಟಿದ ಕೇಬಲ್‌ಗೂ ಸಂಬಂಧವೇ ಇಲ್ಲದಿರಬಹುದು.

ಹತ್ತು ಲಕ್ಷಕ್ಕೆ ಒಂದು ಬಿಟ್ ತಪ್ಪಿದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 1500 ಬೈಟ್‌ಗಳ ಪ್ಯಾಕೆಟ್ ಎಂದರೆ 12,000 ಬಿಟ್. ಹತ್ತು ಲಕ್ಷಕ್ಕೆ ಒಂದು ಬಿಟ್ ಕೆಟ್ಟರೆ ಸುಮಾರು ಶೇ 1.2ರಷ್ಟು ಪ್ಯಾಕೆಟ್‌ಗಳು ಬುಟ್ಟಿಗೆ ಹೋಗುತ್ತವೆ. 10 ಗಿಗಾಬಿಟ್ ಈಥರ್‌ನೆಟ್‌ನ ಮಾನಕ ಒಪ್ಪುವ ಮಿತಿ ಲಕ್ಷ ಕೋಟಿ ಬಿಟ್‌ಗೆ ಒಂದು ತಪ್ಪು, ಅಂದರೆ ಪೂರ್ತಿ ತುಂಬಿ ಹರಿಯುವ ಕೊಂಡಿಯಲ್ಲಿ 100 ಸೆಕೆಂಡಿಗೆ ಒಂದು. ಈ ನಷ್ಟವನ್ನು ಎರಡು ತುದಿಗಳ ನಡುವೆ ದತ್ತಾಂಶ ಸಾಗಿಸುವ ಟಿಸಿಪಿ ನಿಯಮಾವಳಿ ಹೇಗೆ ಅರ್ಥಮಾಡಿಕೊಳ್ಳುತ್ತದೆ ಎನ್ನುವುದು ಇನ್ನೂ ಮುಖ್ಯ. ಪ್ಯಾಕೆಟ್ ಕಳೆದುಹೋದರೆ ದಾರಿಯಲ್ಲಿ ದಟ್ಟಣೆ ಇದೆ ಎಂದು ಭಾವಿಸಿ ಅದು ತನ್ನ ವೇಗ ಇಳಿಸುತ್ತದೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರದ ಪ್ರಕಾರ ವೇಗದ ಮಿತಿ ನಷ್ಟದ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಹೋಬಳಿಯ ಕಂಪ್ಯೂಟರ್‌ನಿಂದ ಸರ್ವರ್‌ಗೆ ಹೋಗಿಬರಲು 50 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, ನೂರಕ್ಕೆ ಒಂದು ಪ್ಯಾಕೆಟ್ ಕಳೆದಾಗ ಒಂದು ಸಂಪರ್ಕಕ್ಕೆ ಸಿಗುವುದು 3 ಮೆಗಾಬಿಟ್‌ಗೂ ಕಡಿಮೆ. ಕಾರ್ಡ್ 10 ಗಿಗಾಬಿಟ್‌ನದ್ದೇ ಆಗಿರಲಿ, 100 ಗಿಗಾಬಿಟ್‌ನದ್ದೇ ಆಗಿರಲಿ, ಈ ಅಂಕಿ ಬದಲಾಗದು. ನಂತರ ಬಂದ ಟಿಸಿಪಿ ವಿಧಾನಗಳು ಪೆಟ್ಟನ್ನು ಕಡಿಮೆ ಮಾಡಿವೆ, ಇಲ್ಲವಾಗಿಸಿಲ್ಲ. ಬೆರಳಚ್ಚಿನ ದೃಢೀಕರಣದಂಥ ಕೆಲಸದಲ್ಲಿ ಹಲವು ಸುತ್ತಿನ ಮಾತುಕತೆ ಇರುತ್ತದೆ, ಒಂದು ಸುತ್ತು ತಡವಾದರೂ ಕಾಯುವ ಗಡುವು ಮೀರಿ ಇಡೀ ಪ್ರಯತ್ನ ಬಿದ್ದುಹೋಗಬಹುದು. ಬೆರಳು ಸವೆದಿದೆ, ಒರೆಸಿ ಮತ್ತೆ ಇಡಿ ಎಂದು ಅಜ್ಜಿಗೆ ಹೇಳಿದ ಎಷ್ಟೋ ಸಲ ಸವೆದದ್ದು ಬೆರಳೇ ಆಗಿತ್ತೇ ಎಂದು ಕೇಳುವ ಹಕ್ಕು ನಮಗಿದೆ.

ಪೂರ್ತಿ ಸತ್ತ ಕಾರ್ಡ್‌ಗಿಂತ ಅರೆಜೀವದ ಕಾರ್ಡ್ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ಸಂಶೋಧನೆಯ ಆಧಾರ ಗಟ್ಟಿಯಾಗಿದೆ. 2013ರಲ್ಲಿ ಪ್ರಕಟವಾದ ಲಿಂಪ್‌ಲಾಕ್ ಎಂಬ ಅಧ್ಯಯನ ಎತ್ತಿಕೊಂಡ ಘಟನೆಯಲ್ಲಿ 1 ಗಿಗಾಬಿಟ್‌ನ ಒಂದು ಕಾರ್ಡ್ ಇದ್ದಕ್ಕಿದ್ದಂತೆ ಸೆಕೆಂಡಿಗೆ 1 ಕಿಲೋಬಿಟ್ ಕಳಿಸತೊಡಗಿತು. ಅದೊಂದರಿಂದ 100 ಯಂತ್ರಗಳ ಸಮೂಹವೇ ತೆವಳತೊಡಗಿತು. ಆ ಕಾರ್ಡ್ ಸತ್ತಿದ್ದರೆ ಸಮೂಹ ಅದನ್ನು ಬಿಟ್ಟು ಮುಂದೆ ಸಾಗುತ್ತಿತ್ತು. 2018ರ ಇನ್ನೊಂದು ಅಧ್ಯಯನ 12 ಸಂಸ್ಥೆಗಳಿಂದ ಇಂಥ ನಿಧಾನಗತಿಯ ಯಂತ್ರಾಂಶ ದೋಷಗಳ 101 ವರದಿಗಳನ್ನು ಕಲೆಹಾಕಿತು. ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿದ್ದು 2017ರಲ್ಲಿ ಮೈಕ್ರೋಸಾಫ್ಟ್‌ನ 15 ದತ್ತಾಂಶ ಕೇಂದ್ರಗಳ ಸುಮಾರು ಮೂರೂವರೆ ಲಕ್ಷ ಕೊಂಡಿಗಳನ್ನು ಪರಿಶೀಲಿಸಿದ ಅಧ್ಯಯನ. ದಟ್ಟಣೆಯಿಂದ ಆಗುವ ನಷ್ಟ ಬಹಳ ಕೊಂಡಿಗಳಲ್ಲಿ ಅಲ್ಪಸ್ವಲ್ಪ ಕಾಣುತ್ತದೆ, ಬಿಟ್ ಕೆಡುವುದರಿಂದ ಆಗುವ ನಷ್ಟ ಕೆಲವೇ ಕೊಂಡಿಗಳಲ್ಲಿ ಹೆಚ್ಚು ತೀವ್ರವಾಗಿರುತ್ತದೆ ಎಂದು ಅದು ತೋರಿಸಿತು. ಬಿಟ್ ಕೆಡುವ ಪ್ರಮಾಣ ದಿನಗಳು ಕಳೆದರೂ ಸ್ಥಿರ, ಸಂಚಾರ ಏರಿದರೂ ಇಳಿದರೂ ಅದಕ್ಕೆ ಸಂಬಂಧವಿಲ್ಲ ಎಂದೂ ಕಂಡುಬಂತು. ಈ ಒಂದು ಮಾತಿನಿಂದಲೇ ನಮ್ಮ ಅರ್ಧ ಗೊಂದಲ ಬಗೆಹರಿಯುತ್ತದೆ. ತಿಂಗಳ ಪಡಿತರ ಕೊಡುವ ಮೊದಲ ದಿನಗಳಲ್ಲಿ ಮಾತ್ರ ಸೇವೆ ಕುಸಿದು, ನಡುರಾತ್ರಿಯಲ್ಲಿ ಎಲ್ಲ ಸರಿಯಿದ್ದರೆ ಅದು ಹೊರೆಯ ಸಮಸ್ಯೆ. ಯಾರೂ ಬಳಸದ ರಾತ್ರಿ ಎರಡು ಗಂಟೆಗೂ ನೂರಕ್ಕೆ ಅಷ್ಟೇ ಪ್ಯಾಕೆಟ್ ಕೆಡುತ್ತಿದ್ದರೆ ಯಾರೋ ಏಣಿ ಹತ್ತಿ ಕೇಬಲ್ ಬದಲಿಸಬೇಕು. ಇನ್ನೂ ಹತ್ತು ಸರ್ವರ್ ಕೊಂಡರೂ ಆ ರೋಗ ವಾಸಿಯಾಗದು.

ಒಂದು ಕಾರ್ಡ್ ಕೆಟ್ಟರೆ ಇನ್ನೊಂದು ಹೊಣೆ ಹೊರಲೆಂದೇ ಎರಡೆರಡು ಪೋರ್ಟ್‌ಗಳನ್ನು ಜೋಡಿ ಕಟ್ಟಿರುತ್ತೇವಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಜೋಡಿ ಕಟ್ಟುವುದು ಸರಿಯಾದ ಕೆಲಸ, ಆದರೆ ಅದು ಕಾಯುವುದು ಸಾವನ್ನು, ಕಾಯಿಲೆಯನ್ನಲ್ಲ. ಇಎಸ್‌ಎಕ್ಸ್‌ಐ ರೂಢಿಯಂತೆ ನೋಡುವುದು ಕೊಂಡಿಯ ಸ್ಥಿತಿಯನ್ನು ಮಾತ್ರ: ಸಂಕೇತ ಇದೆಯೇ ಇಲ್ಲವೇ. ನೂರಕ್ಕೆ ಎರಡು ಪ್ಯಾಕೆಟ್ ನುಂಗುವ ಪೋರ್ಟ್‌ನಲ್ಲೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಆದ್ದರಿಂದ ಬದಲಿ ಪೋರ್ಟ್‌ಗೆ ಜವಾಬ್ದಾರಿ ದಾಟುವುದೇ ಇಲ್ಲ. ಪರೀಕ್ಷಾ ಚೌಕಟ್ಟು ಕಳಿಸಿ ನೋಡುವ ಬೀಕನ್ ವಿಧಾನ ಇದೆ, ಆದರೆ ಯಾವ ಪೋರ್ಟ್ ತಪ್ಪಿತಸ್ಥ ಎಂದು ತೀರ್ಮಾನಿಸಲು ಅದಕ್ಕೆ ಕನಿಷ್ಠ ಮೂರು ಪೋರ್ಟ್ ಬೇಕು. ಪೋರ್ಟ್‌ಗಳನ್ನು ಒಟ್ಟುಗೂಡಿಸುವ ಎಲ್‌ಎಸಿಪಿ ನಿಯಮಾವಳಿಯ ನಿಧಾನ ವಿಧಾನದಲ್ಲಿ ಸಂದೇಶ ಹೋಗುವುದು 30 ಸೆಕೆಂಡಿಗೊಮ್ಮೆ, ಮೂರು ಸಂದೇಶ ತಪ್ಪಿ 90 ಸೆಕೆಂಡ್ ಕಳೆದ ಮೇಲೆ ಅದು ಎಚ್ಚರಗೊಳ್ಳುತ್ತದೆ. ನೂರರಲ್ಲಿ ತೊಂಬತ್ತೆಂಟು ಸಂದೇಶ ದಾಟುತ್ತಿರುವ ಕೊಂಡಿ ಅದರ ಕಣ್ಣಿಗೆ ಆರೋಗ್ಯವಂತ. ಇಷ್ಟೂ ಸಾಲದೆಂಬಂತೆ, ರೂಢಿಯ ಹಂಚಿಕೆಯಲ್ಲಿ ಪ್ರತಿ ವರ್ಚುವಲ್ ಮಷಿನ್ ಒಂದೇ ಭೌತಿಕ ಪೋರ್ಟ್‌ಗೆ ಅಂಟಿಕೊಂಡಿರುತ್ತದೆ. ನಾಲ್ಕರಲ್ಲಿ ಒಂದು ಪೋರ್ಟ್ ಕೆಟ್ಟರೆ ಸುಮಾರು ಕಾಲುಭಾಗ ಮಷಿನ್‌ಗಳು ಮಾತ್ರ ಬಳಲುತ್ತವೆ. ಪಹಣಿ ಬರುತ್ತಿದೆ, ಆದಾಯ ಪ್ರಮಾಣಪತ್ರ ಬರುತ್ತಿಲ್ಲ ಎಂದಾಗ ಅದು ಪ್ರಮಾಣಪತ್ರದ ತಂತ್ರಾಂಶದ ದೋಷ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆ ಮಷಿನನ್ನು ಬೇರೆ ಯಂತ್ರಕ್ಕೆ ಸಾಗಿಸಿದರೆ ಕೂಡಲೇ ಗುಣವಾಗುತ್ತದೆ, ಫೈಲ್ ಮುಚ್ಚುತ್ತದೆ. ಖಾಲಿಯಾದ ಜಾಗಕ್ಕೆ ಮರುದಿನ ಇನ್ನೊಂದು ಇಲಾಖೆಯ ಮಷಿನ್ ಬಂದು ಕೂರುತ್ತದೆ. ಸಾಗಿಸಿ ನೋಡುವುದು ಒಳ್ಳೆಯ ಪರೀಕ್ಷೆ, ಅದನ್ನೇ ಚಿಕಿತ್ಸೆಯೆಂದು ಬರೆದುಕೊಳ್ಳುವುದು ತಪ್ಪು.

ಭೌತಿಕ ದೋಷ ಎಂದರೆ ಕೇಬಲ್ ಮಾತ್ರವೂ ಅಲ್ಲ. ಕಾರ್ಡ್‌ನೊಳಗಿನ ಫರ್ಮ್‌ವೇರ್, ಅದನ್ನು ನಡೆಸುವ ಡ್ರೈವರ್ ಮತ್ತು ಸುತ್ತಲಿನ ತಂತ್ರಾಂಶದಿಂದ ಆದ ಅನಾಹುತಗಳ ಪಟ್ಟಿ ಉದ್ದವಿದೆ. 2008ರಲ್ಲಿ ಲಿನಕ್ಸ್‌ನ ಪರೀಕ್ಷಾ ಆವೃತ್ತಿಯೊಂದು ಇಂಟೆಲ್‌ನ ಕೆಲವು ಕಾರ್ಡ್‌ಗಳ ಒಳಸ್ಮೃತಿಯನ್ನೇ ಕೆಡಿಸಿ ಅವನ್ನು ನಿರುಪಯೋಗಿ ಮಾಡಿತು. ತಪ್ಪು ಕಾರ್ಡ್‌ನ ಡ್ರೈವರ್‌ನಲ್ಲಿ ಇರಲಿಲ್ಲ, ಕರ್ನಲ್‌ನ ಬೇರೊಂದು ಭಾಗದಲ್ಲಿತ್ತು ಎಂದು ಆಮೇಲೆ ತಿಳಿಯಿತು. 2013ರಲ್ಲಿ ಅಮೆರಿಕದ ಎಂಜಿನಿಯರ್ ಒಬ್ಬರು ಒಂದು ನಿರ್ದಿಷ್ಟ ಸ್ಥಾನದಲ್ಲಿ ನಿರ್ದಿಷ್ಟ ಬೈಟ್ ಇರುವ ಪ್ಯಾಕೆಟ್ ಬಂದರೆ ಇಂಟೆಲ್ 82574ಎಲ್ ಚಿಪ್‌ನ ಕೆಲವು ಕಾರ್ಡ್‌ಗಳು ನಿಂತೇಹೋಗುತ್ತವೆ, ವಿದ್ಯುತ್ ತೆಗೆದು ಕೊಡುವವರೆಗೆ ಏಳುವುದಿಲ್ಲ ಎಂದು ಪತ್ತೆಹಚ್ಚಿದರು. ಒಬ್ಬ ಬೋರ್ಡ್ ತಯಾರಕ ಚಿಪ್‌ಗೆ ತುಂಬಿದ್ದ ಸಂರಚನೆ ಅದಕ್ಕೆ ಕಾರಣ ಎಂದು ಇಂಟೆಲ್ ಹೇಳಿತು. ಅದೇ ಅವಧಿಯಲ್ಲಿ ಹೈಪರ್-ವಿ ಬಳಸುವವರನ್ನು ಕಾಡಿದ್ದು ಬ್ರಾಡ್‌ಕಾಮ್‌ನ 1 ಗಿಗಾಬಿಟ್ ಕಾರ್ಡ್‌ಗಳು. ವರ್ಚುವಲ್ ಮಷಿನ್‌ಗಳಿಗೆ ಪ್ರತ್ಯೇಕ ಸರತಿ ಕೊಡುವ ವಿಎಂಕ್ಯೂ ಸೌಲಭ್ಯ ಚಾಲೂ ಇದ್ದರೆ ಸಂಪರ್ಕ ನಿಧಾನವಾಗುತ್ತಿತ್ತು, ಕೆಲವೊಮ್ಮೆ ಕಡಿದೇಹೋಗುತ್ತಿತ್ತು. ಅದನ್ನು ಬಂದ್ ಮಾಡಿದರೆ, ಇಲ್ಲವೇ ಹೊಸ ಡ್ರೈವರ್ ಹಾಕಿದರೆ ಸರಿಹೋಗುತ್ತಿತ್ತು. ಆದ್ದರಿಂದ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಕಾರ್ಡ್, ಡ್ರೈವರ್, ಫರ್ಮ್‌ವೇರ್ ಮೂರರ ಆವೃತ್ತಿಯನ್ನೂ ತಾಳೆ ನೋಡುವುದು ತನಿಖೆಯ ಭಾಗ. ಆದರೆ ಕ್ರಮ ಮುಖ್ಯ. ಮೊದಲು ಎಣಿಕೆ ಬರೆದುಕೊಳ್ಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಬರೆದುಕೊಳ್ಳಿ. ತಿಂಗಳ ಹಿಂದಿನ ಹಳೆಯ ದೋಷಕ್ಕೂ ಈಗ ಏರುತ್ತಿರುವ ದೋಷಕ್ಕೂ ವ್ಯತ್ಯಾಸ ತಿಳಿಯುವುದು ಆ ಎರಡರ ನಡುವಿನ ಅಂತರದಿಂದ. ಆಮೇಲೆ ಕೇಬಲ್, ಆಮೇಲೆ ಮಾಡ್ಯೂಲ್, ಆಮೇಲೆ ಸ್ವಿಚ್ ಪೋರ್ಟ್, ಕೊನೆಗೆ ಕಾರ್ಡ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅವಸರದಲ್ಲಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸೇವೆ ಮರಳಬಹುದು, ಆದರೆ ಕೆಟ್ಟ ಮಾಡ್ಯೂಲ್ ಯಾವುದೆಂದು ತಿಳಿಯದೆ ಅದು ಮತ್ತೆ ಕಪಾಟು ಸೇರಿ ಇನ್ನೊಂದು ಯಂತ್ರಕ್ಕೆ ಕಾಯುತ್ತದೆ.

ಸಾಲಿನಲ್ಲಿ ಜನ ಕಾಯುತ್ತಿರುವಾಗ ಎಣಿಕೆ ಬರೆಯುತ್ತ ಕೂರುವುದೇ, ರೀಸ್ಟಾರ್ಟ್ ಮಾಡಿ ಕೆಲಸ ನಡೆಸುವುದೇ? ಈ ಆಕ್ಷೇಪಕ್ಕೆ ತೂಕವಿದೆ. ಜನರ ಹೊತ್ತು ದೊಡ್ಡದು. ಆದರೆ ಎಣಿಕೆಗಳನ್ನು ಒಂದು ಫೈಲ್‌ಗೆ ಉಳಿಸಲು ಎರಡು ನಿಮಿಷ ಹಿಡಿಯುತ್ತದೆ, ಯಂತ್ರ ಎದ್ದು ಮಷಿನ್‌ಗಳೆಲ್ಲ ಮತ್ತೆ ಶುರುವಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ರೀಸ್ಟಾರ್ಟ್ ಆದ ಕೂಡಲೇ ಎಣಿಕೆಗಳು ಸೊನ್ನೆಗಿಳಿಯುತ್ತವೆ. ಇಎಸ್‌ಎಕ್ಸ್‌ಐಯನ್ನು ಯುಎಸ್‌ಬಿ ಅಥವಾ ಎಸ್‌ಡಿ ಕಾರ್ಡ್‌ನಿಂದ ಓಡಿಸುತ್ತಿದ್ದು, ಲಾಗ್‌ಗಳಿಗೆ ಬೇರೆ ಜಾಗ ತೋರಿಸದಿದ್ದರೆ ಅವೂ ಅಳಿಸಿಹೋಗುತ್ತವೆ. ಇಂದು ಉಳಿಸಿದ ಕೆಲವು ನಿಮಿಷಕ್ಕೆ ಮುಂದಿನ ವಾರ ಇನ್ನೊಂದು ದಿನವನ್ನೇ ತೆರಬೇಕಾಗುತ್ತದೆ, ತೆರುವವರು ಅದೇ ಸಾಲಿನವರು.

ಎಲ್ಲ ತಡೆಗೂ ಕಾರ್ಡ್ ಕಾರಣವಲ್ಲ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ರಸ್ತೆ ಕೆಲಸದ ಜೆಸಿಬಿ ಫೈಬರ್ ಕಡಿಯುತ್ತದೆ, ಹೋಬಳಿಯಲ್ಲಿ ಕರೆಂಟ್ ಹೋಗುತ್ತದೆ, ತಂತ್ರಾಂಶದಲ್ಲೇ ತಪ್ಪಿರುತ್ತದೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ನಿಧಾನವಾಗಿ ಉಪನೋಂದಣಿ ಕಚೇರಿಗಳ ಕೆಲಸ ಸ್ಥಗಿತಗೊಂಡಾಗ ಅದರ ಹಿಂದೆ ನಕಲಿ ಕೋರಿಕೆಗಳ ಸುರಿಮಳೆಯ ಸೈಬರ್ ದಾಳಿ ಇತ್ತೆಂದು ಸರ್ಕಾರ ಹೇಳಿತು, ಪೊಲೀಸರಿಗೆ ದೂರೂ ಹೋಯಿತು. ಹೊರಗಿನಿಂದ ನೋಡಿದವರಿಗೆ ದಾಳಿಯೂ ಕೇಬಲ್ ದೋಷವೂ ಒಂದೇ ರೀತಿ ಕಾಣುತ್ತವೆ: ಪುಟ ತೆರೆಯುವುದಿಲ್ಲ. ಎರಡನ್ನೂ ಬೇರ್ಪಡಿಸುವುದು ಅಳತೆ ಮಾತ್ರ. ದಾಳಿಯಲ್ಲಿ ಕೋರಿಕೆಗಳ ಸಂಖ್ಯೆ ಏರುತ್ತದೆ, ಸಿಆರ್‌ಸಿ ದೋಷ ಏರುವುದಿಲ್ಲ. ಕೆಳಗಿನ ಅಂತಸ್ತು ಶುದ್ಧವಾಗಿದೆ ಎಂದು ಕೆಲವೇ ನಿಮಿಷಗಳಲ್ಲಿ ಖಚಿತವಾದರೆ ಮೇಲಿನ ಹುಡುಕಾಟಕ್ಕೂ ಬಲ ಬರುತ್ತದೆ. ಎಲ್ಲವನ್ನೂ ಕ್ಲೌಡ್‌ಗೆ ಕೊಟ್ಟುಬಿಟ್ಟರೆ ಈ ತಲೆನೋವೇ ಇರದು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಕ್ಲೌಡ್‌ನಲ್ಲೂ ಕೇಬಲ್‌ಗಳಿವೆ. ಮೂರೂವರೆ ಲಕ್ಷ ಕೊಂಡಿಗಳ ಆ ಅಧ್ಯಯನ ನಡೆದದ್ದು ಕ್ಲೌಡ್ ಕಂಪನಿಯಲ್ಲೇ. ಅವರು ಅಳೆಯುತ್ತಾರೆ, ಅದೇ ವ್ಯತ್ಯಾಸ.

ನಿಧಾನಗತಿಗಿಂತ ಗಂಭೀರವಾದ ಇನ್ನೊಂದು ಭಯವಿದೆ: ಪ್ಯಾಕೆಟ್ ಕಳೆಯುವುದಲ್ಲ, ತಪ್ಪಾಗಿ ತಲುಪುವುದು. ಸಿಆರ್‌ಸಿ ಇದ್ದಮೇಲೆ ತಪ್ಪು ದಾಟುವುದಿಲ್ಲ ಎಂಬ ನಂಬಿಕೆಯನ್ನು 2000ದಲ್ಲಿ ಸ್ಟೋನ್ ಮತ್ತು ಪಾರ್ಟ್ರಿಜ್ ಅಲುಗಾಡಿಸಿದರು. ಸಿಆರ್‌ಸಿಯಲ್ಲಿ ಉತ್ತೀರ್ಣವಾಗಿ ಬಂದ ಪ್ಯಾಕೆಟ್‌ಗಳಲ್ಲೂ 1,100ಕ್ಕೆ ಒಂದರಿಂದ 32,000ಕ್ಕೆ ಒಂದರವರೆಗೆ ಟಿಸಿಪಿಯ ತಾಳೆಯಲ್ಲಿ ಸೋಲುತ್ತಿದ್ದವು. ಹೆಚ್ಚಿನವು ಕೊಂಡಿಯಲ್ಲಿ ಅಲ್ಲ, ಯಂತ್ರ ಮತ್ತು ರೂಟರ್‌ಗಳ ಒಳಗೇ ಕೆಟ್ಟಿದ್ದವು. 2008ರ ಜುಲೈನಲ್ಲಿ ಅಮೆಜಾನ್‌ನ ಎಸ್3 ಸೇವೆ ಗಂಟೆಗಟ್ಟಲೆ ನಿಂತದ್ದು ಆಂತರಿಕ ಸಂದೇಶಗಳಲ್ಲಿ ಒಂದೊಂದು ಬಿಟ್ ಕೆಟ್ಟದ್ದರಿಂದ. ಇಂದು ನಾಗರಿಕರ ಕಡೆಯ ಸಂಚಾರ ಬಹುಪಾಲು ಗೂಢಲಿಪಿಯಲ್ಲಿ ಹೋಗುವುದರಿಂದ ಕೆಟ್ಟದ್ದು ಸಿಕ್ಕಿಬೀಳುತ್ತದೆ. ಆದರೆ ವರ್ಚುವಲ್ ಸರ್ವರ್‌ಗಳ ಡಿಸ್ಕ್‌ಗಳೂ ಇದೇ ನೆಟ್‌ವರ್ಕ್ ಕಾರ್ಡ್‌ಗಳ ಮೂಲಕ ಐಸ್ಕಸಿ, ಎನ್‌ಎಫ್‌ಎಸ್ ವಿಧಾನಗಳಲ್ಲಿ ಓಡಾಡುತ್ತವೆ. ಐಸ್ಕಸಿಯ ಹೆಚ್ಚುವರಿ ತಾಳೆ ಐಚ್ಛಿಕ, ಸಾಮಾನ್ಯವಾಗಿ ಅದನ್ನು ಬಂದ್ ಮಾಡಿಯೇ ಇಟ್ಟಿರುತ್ತಾರೆ. ಆ ಡಿಸ್ಕ್‌ಗಳ ಮೇಲೆ ಇರುವುದು ಜನರ ಜಮೀನಿನ ದಾಖಲೆ.

ಸೇವೆ ಎಷ್ಟು ದಿನದಲ್ಲಿ ಸಿಗಬೇಕೆಂದು ಕರ್ನಾಟಕ ಕಾನೂನನ್ನೇ ಮಾಡಿದೆ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಲು ಅದರಲ್ಲಿ ಅವಕಾಶವಿದೆ. ಅರ್ಜಿ ಸ್ವೀಕಾರವಾದ ಮೇಲಷ್ಟೇ ಈ ದಿನಗಳ ಲೆಕ್ಕ ಶುರು. ಸರ್ವರ್ ಇಲ್ಲವೆಂದು ಅರ್ಜಿಯನ್ನೇ ಹಾಕಲಾಗದೆ ಮನೆಗೆ ಮರಳಿದವರ ದಿನ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಪ್ರತಿ ತಡೆಯ ವೇಳೆ, ಅವಧಿ, ಪತ್ತೆಯಾದ ಕಾರಣ ಈ ಮೂರನ್ನು ಇಲಾಖೆಗಳು ಜಾಲತಾಣದಲ್ಲೂ ನಾಡಕಚೇರಿಯ ಸೂಚನಾ ಫಲಕದಲ್ಲೂ ಹಾಕಲಿ. ಕಾರಣ ಬರೆಯಲೇಬೇಕಾದಾಗ ಹುಡುಕಲೇಬೇಕಾಗುತ್ತದೆ. ಅಲ್ಲಿಯವರೆಗೆ, ಸಹಕಾರ ಸಂಘ, ಶಾಲೆ, ಆಸ್ಪತ್ರೆ, ಎಲ್ಲೇ ಆಗಲಿ ಒಂದು ವರ್ಚುವಲ್ ಸರ್ವರ್‌ನ ಉಸ್ತುವಾರಿ ನಿಮ್ಮ ಕೈಯಲ್ಲಿದ್ದರೆ ದುರಸ್ತಿಗೆ ಬಂದ ಎಂಜಿನಿಯರ್ ರೀಸ್ಟಾರ್ಟ್ ಗುಂಡಿಗೆ ಕೈ ಹಾಕುವ ಮುನ್ನ ಕಾರ್ಡ್ ಮತ್ತು ಸ್ವಿಚ್ ಎರಡರ ದೋಷ ಎಣಿಕೆಯನ್ನೂ ಉಳಿಸಿ ಕೊಡಿ ಎಂದು ಕೇಳಿ, ಕೊಟ್ಟ ಮೇಲೆಯೇ ದುರಸ್ತಿ ಚೀಟಿಗೆ ಸಹಿ ಹಾಕಿ.